ನಾಲ್ಕು ಅಂಗುಲದ ಉಪಕಾರ

ಹಳೆಯ ಜೀಪುಗಳನ್ನು ಎತ್ತರಿಸುವ ಬಿಡಿಭಾಗಗಳ ಸಂಸ್ಥೆಯ
ಗ್ರಾಹಕ ಸಲಹಾ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ

ಮಾನ್ಯರೇ,

ನೆಲಮಟ್ಟದಲ್ಲೇ ಬಾಳುತ್ತಿರುವ ನನ್ನಂಥವಳ ನಮಸ್ಕಾರಗಳು ತಮ್ಮ ಎತ್ತರಕ್ಕೆ ಹೇಗಾದರೂ ತಲುಪಲಿ ಎಂದು ಹಾರೈಸುತ್ತ, ತಾವೂ ತಮ್ಮ ಸಿಬ್ಬಂದಿಯೂ ಕ್ಷೇಮವೆಂದು ನಂಬಿ, ತಮ್ಮಿಂದ ನನಗಾದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದಿದ್ದರೆ ಕೃತಘ್ನಳಾದೇನೆಂಬ ಭಯದಿಂದ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ದನದ ಡಾಕ್ಟರು. ನನ್ನ ರೋಗಿಗಳು ಚೀಟಿ ಹಿಡಿದು ಸರದಿಯಲ್ಲಿ ಕೂರುವವರಲ್ಲವಾದ್ದರಿಂದ ಇಪ್ಪತ್ತೆರಡು ವರ್ಷಗಳಿಂದ ನಾನೇ ಅವರಿದ್ದಲ್ಲಿಗೆ ಹೋಗುತ್ತಿದ್ದೇನೆ. ನನ್ನನ್ನು ಹೊತ್ತೊಯ್ಯುವುದು ಮೂವತ್ತೊಂದು ವರ್ಷ ವಯಸ್ಸಿನ, ನಾಲ್ಕೂ ಚಕ್ರ ಎಳೆಯುವ ಒಂದು ಜೀಪು. ಕಲ್ಲುಗಣಿಯ ಆಚೆಗಿನ ಹಾದಿಯಲ್ಲಿ ಲಾರಿಗಳು ಓಡಾಡಿ ಎರಡೂ ಬದಿ ಆಳವಾದ ಜಾಡು ಬಿದ್ದು, ನಡುವೆ ಉದ್ದಕ್ಕೂ ದಿಬ್ಬ ಉಳಿದಿದೆ. ಹನ್ನೊಂದು ಹಸು ಸಾಕಿರುವ ಹಾಲಿನಕ್ಕನ ಕೊಟ್ಟಿಗೆಗೆ ಹೆರಿಗೆಗೆಂದು ಹೊರಟ ಒಂದು ಮಧ್ಯಾಹ್ನ ನನ್ನ ಜೀಪು ಆ ದಿಬ್ಬದ ಮೇಲೆ ಹೊಟ್ಟೆಯೂರಿ, ಚಕ್ರಗಳನ್ನು ಸುಮ್ಮನೆ ತಿರುಗಿಸುತ್ತ, ಆಮೆಯ ಹಾಗೆ ಕೂತುಬಿಟ್ಟಿತು. ಚೀಲ ಹೆಗಲಿಗೇರಿಸಿ ಎರಡು ಕಿಲೋಮೀಟರು ನಡೆದು ಹೋದರೆ ಕರು ಆಗಲೇ ಎದ್ದು ನಿಂತು ಹಾಲು ಕುಡಿಯುತ್ತಿತ್ತು. “ಪರವಾಗಿಲ್ಲ ಡಾಕ್ಟ್ರೇ, ನಾವೇ ಮುಗಿಸ್ಕೊಂಡ್ವಿ,” ಎಂದಳು ಹಾಲಿನಕ್ಕ. ಆ ‘ಪರವಾಗಿಲ್ಲ’ ಎಷ್ಟು ಚುಚ್ಚಿತೆಂದರೆ, ಅಂದು ಸಂಜೆಯೇ ಜೀಪನ್ನು ಎತ್ತರಿಸುವ ತೀರ್ಮಾನ ಮಾಡಿ ತಮ್ಮ ಜಾಲತಾಣವನ್ನು ತೆರೆದೆ.

ಅಲ್ಲಿದ್ದ ‘ನಿಮಗೊಪ್ಪುವ ಎತ್ತರ ಆರಿಸಿಕೊಳ್ಳಿ’ ಎಂಬ ಪ್ರಶ್ನಾವಳಿಯನ್ನು ಎಷ್ಟು ಹೊಗಳಿದರೂ ಸಾಲದು. ನಲವತ್ತೊಂದು ಪ್ರಶ್ನೆಗಳು, ನಾನು ಡಾಕ್ಟರಾಗಲು ಬರೆದ ಕೊನೆಯ ಪರೀಕ್ಷೆಯಲ್ಲೂ ಅಷ್ಟಿರಲಿಲ್ಲ. ಶಾಕ್ ಅಬ್ಸಾರ್ಬರ್ ಕೆಂಪಗಿರಬೇಕೇ ಹಳದಿಯಿರಬೇಕೇ, ನಾನು ‘ಸಾಹಸಿ’ಯೇ ‘ಮಹಾಸಾಹಸಿ’ಯೇ ಎಂದೆಲ್ಲ ಕೇಳಿ ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಗಳನ್ನು ತಾವು ಹೊರಗೆಳೆದಿರಿ. ‘ಏನು ಸಾಗಿಸುತ್ತೀರಿ’ ಎಂಬಲ್ಲಿ ಡೇರೆ, ಸೈಕಲ್ಲು, ದೋಣಿ ಇದ್ದವು. ಹೆರಿಗೆಯ ಹಗ್ಗ, ಔಷಧದ ಪೆಟ್ಟಿಗೆ, ಆಗೊಮ್ಮೆ ಈಗೊಮ್ಮೆ ಕಾಲು ಮುರಿದ ಮೇಕೆ ಎಂಬುದಕ್ಕೆ ಜಾಗವಿರಲಿಲ್ಲವಾಗಿ, ಮೇಕೆಗೆ ಹತ್ತಿರದ್ದು ಯಾವುದೆಂದು ಬಹಳ ಹೊತ್ತು ಯೋಚಿಸಿ ದೋಣಿಯನ್ನು ಆರಿಸಿದೆ.

ಗಣಿತದ ಮೇಷ್ಟ್ರಾದ ನನ್ನ ಯಜಮಾನರು ಎರಡು, ನಾಲ್ಕು, ಆರು ಅಂಗುಲಗಳ ಗುಣದೋಷಗಳ ಕೋಷ್ಟಕವೊಂದನ್ನು ಬರೆದು ಊಟದ ಮೇಜಿನ ಮೇಲ್ಗಡೆ ಗೋಡೆಗೆ ಅಂಟಿಸಿ, ಮೂರು ಸಂಜೆ ಅದರ ಮುಂದೆ ಕೈಕಟ್ಟಿ ನಿಂತು, ಕೊನೆಗೆ “ಇನ್ನೂ ಸ್ವಲ್ಪ ಮಾಹಿತಿ ಬೇಕು,” ಎಂದರು. ಒಳಕೋಣೆಯಿಂದ ನಮ್ಮ ಅತ್ತೆ, “ಎರಡು ಸಾಕು ಕಣೇ. ನಾನೂ ಹತ್ತಬೇಕಲ್ಲ,” ಎಂದರು. ಅವರ ಮಾತು ಕೇಳದೆ ನಾನು ತಮ್ಮ ವಿಭಾಗಕ್ಕೆ ಫೋನ್ ಮಾಡಿದೆ. ತಮ್ಮ ಸಲಹೆಗಾರರ ದನಿ ಎಷ್ಟು ಮಧುರವಾಗಿತ್ತೆಂದರೆ ಒದೆಯುವ ಎಮ್ಮೆಯೂ ಅದನ್ನು ಕೇಳಿ ಸುಮ್ಮನೆ ಸೂಜಿ ಹಾಕಿಸಿಕೊಂಡೀತು. “ಎರಡು ತಗೊಂಡೋರೆಲ್ಲ ಆಮೇಲೆ ನಾಲ್ಕಕ್ಕೆ ಬರ್ತಾರೆ ಮೇಡಂ. ನೀವು ನೇರ ನಾಲ್ಕೇ ತಗೊಂಡ್ಬಿಡಿ,” ಎಂದರು. ಗಾಡಿ ತೀರ ಹಳೆಯದು, ಅದರ ಶಾಫ್ಟು, ಬ್ರೇಕು ಎಲ್ಲ ತಡೆದೀತೇ ಎಂದು ಕೇಳಿದ್ದಕ್ಕೆ, “ಎಲ್ಲಾ ಗಾಡಿಗೂ ಹೊಂದುತ್ತೆ ಮೇಡಂ,” ಎಂದರು. ಜಗತ್ತಿನ ಎಲ್ಲಾ ಗಾಡಿಗಳನ್ನೂ ಬಲ್ಲ ಒಬ್ಬ ವ್ಯಕ್ತಿಯೊಡನೆ ಮಾತಾಡಿದ ಪುಳಕದಲ್ಲಿ ನಾನು ಒಪ್ಪಿಬಿಟ್ಟೆ.

ತಮ್ಮವರೇ ಜೋಡಿಸಿಕೊಟ್ಟ ಮೇಲೆ ನನ್ನ ಜೀಪು ತುದಿಗಾಲಿನಲ್ಲಿ ನಿಂತು ಅಟ್ಟದ ಮೇಲಿನ ಡಬ್ಬಿಗೆ ಕೈಚಾಚಿದವರ ಹಾಗೆ ಕಾಣುತ್ತಿತ್ತು. ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗಿದ್ದರಿಂದ ಸೀಟಿನಲ್ಲಿ ಕೂತರೆ ಸದಾ ಯಾರಿಗೋ ತಲೆಬಾಗುತ್ತಿರುವ ವಿನಯ ನನಗೆ ತಾನಾಗಿ ಬಂತು. ವೇಗ ನಲವತ್ತು ದಾಟಿದೊಡನೆ ಕೆಳಗೆ ಶಾಫ್ಟು ನಡುಗಿ ಗಾಡಿಯೆಲ್ಲ ಗಡಗಡ ಅದುರುತ್ತಿತ್ತು. ‘ಚೆನ್ನಾಗಿ ಅಲುಗಾಡಿಸಿ ಬಳಸಿ’ ಎಂದು ಬರೆದಿರುವ ಔಷಧಗಳನ್ನು ನಾನು ಪ್ರತ್ಯೇಕವಾಗಿ ಅಲುಗಾಡಿಸುವ ಶ್ರಮವನ್ನು ತಾವು ಹೀಗೆ ತಪ್ಪಿಸಿದಿರಿ. ಅತ್ತೆಯವರನ್ನು ಸ್ಟೂಲಿನ ಮೇಲೆ ಹತ್ತಿಸಿ ಅವರ ತಂಗಿಯ ಮನೆಗೆ ಕರೆದೊಯ್ದ ದಿನ ಸ್ಟೂಲು ನಮ್ಮ ಮನೆಯಲ್ಲೇ ಉಳಿಯಿತು. ಅಲ್ಲಿ ಬೀದಿಯಲ್ಲಿ ಜೀಪು ನಿಂತಾಗ ಅವರು ಒಮ್ಮೆ ಕೆಳಗೆ ನೋಡಿ, “ನಾನಿಲ್ಲೇ ಇರ್ತೀನಿ, ಅವಳನ್ನೇ ಕರಿ,” ಎಂದರು. ಅಕ್ಕತಂಗಿಯರು ಎರಡು ಗಂಟೆ ಹೊತ್ತು, ಒಬ್ಬರು ಮೇಲೆ, ಒಬ್ಬರು ಕೆಳಗೆ, ಬೀದಿಗೆಲ್ಲ ಕೇಳುವಂತೆ ಮನೆಯ ಗುಟ್ಟುಗಳನ್ನು ಮಾತಾಡಿಕೊಂಡರು. ಅವರ ತಂಗಿಯ ಸೊಸೆ ಅಂದಿನಿಂದ ನನಗೆ ಎದುರಾದರೆ ಮುಖ ತಿರುಗಿಸುತ್ತಾಳೆ.

ಇದೆಲ್ಲವನ್ನೂ ನಾನು ನಗುತ್ತ ಹೊಟ್ಟೆಗೆ ಹಾಕಿಕೊಂಡೆ. ಆದರೆ ಒಂದು ಬೆಳಿಗ್ಗೆ ಹಾಲಿನಕ್ಕ ಮತ್ತೆ ಫೋನ್ ಮಾಡಿ, “ಕರು ಅಡ್ಡ ತಿರುಗಿದೆ, ಬೇಗ ಬನ್ನಿ,” ಎಂದಳು. ಗಣಿಯ ದಿಬ್ಬವನ್ನು ಜೀಪು ಸಲೀಸಾಗಿ ದಾಟಿತು, ಆ ಕೀರ್ತಿ ತಮಗೇ ಸಲ್ಲಬೇಕು. ಅದರಾಚೆಯ ಇಳಿಜಾರಿನಲ್ಲಿ ಮುಂದಿನ ಚಕ್ರವೊಂದು ಗುಂಡಿಗೆ ಇಳಿದಾಗ, ಗಾಡಿ ನಾಲ್ಕು ಅಂಗುಲ ಬೆಳೆದರೂ ತಾನು ಮಾತ್ರ ಹಳೆಯ ಉದ್ದದಲ್ಲೇ ಉಳಿದಿದ್ದ ಬ್ರೇಕಿನ ಕೊಳವೆ ಜಗ್ಗಿ ಹರಿಯಿತು. ಪೆಡಲು ತುಳಿದರೆ ನೆಲ ಮುಟ್ಟಿತು. ಹ್ಯಾಂಡ್‌ಬ್ರೇಕು ಎಳೆದುಕೊಂಡು, ಹಾದಿ ಬಿಟ್ಟು, ಹೊಲದಂಚಿನ ಹುಲ್ಲಿನ ಬಣವೆಯೊಳಕ್ಕೆ ಜೀಪನ್ನು ನುಗ್ಗಿಸಿ ನಿಲ್ಲಿಸಿದೆ. ಆಮೇಲೆ ಹಾಲಿನ ವ್ಯಾನಿನವನೊಬ್ಬ ನನ್ನನ್ನು ಕ್ಯಾನುಗಳ ನಡುವೆ ಕೂರಿಸಿಕೊಂಡು ಹೋಗಿ ಬಿಟ್ಟ. ಕರುವನ್ನು ಉಳಿಸಿದೆ. ಹಸು ಮಾತ್ರ ನಾನು ತಲುಪುವವರೆಗೆ ನೋವು ತಿಂದು ಬಳಲಿ ಮೂರು ದಿನ ಮೇಲೇಳಲಿಲ್ಲ. ಆ ಮೂರು ದಿನವೂ ನಾನು ಹೋಗಿ ಮದ್ದು ಕೊಟ್ಟು ಬಂದೆ. ಮೂರು ದಿನವೂ ಹಾಲಿನಕ್ಕ ನನ್ನ ಮುಖ ನೋಡದೆ ಕೊಟ್ಟಿಗೆ ಗುಡಿಸುತ್ತಿದ್ದಳು.

ಈ ವಿಷಯವನ್ನು ತಮ್ಮ ಸಲಹೆಗಾರರಿಗೆ ನಿವೇದಿಸಿದಾಗ, “ಉದ್ದದ ಬ್ರೇಕ್ ಹೋಸ್ ಬೇರೆ ಕಿಟ್ಟಲ್ಲಿ ಬರುತ್ತೆ ಮೇಡಂ. ನೀವು ಕೇಳಲಿಲ್ಲ,” ಎಂದರು. ಅವರ ದನಿ ಆಗಲೂ ಅಷ್ಟೇ ಮಧುರವಾಗಿತ್ತು. ಹೇಗೂ ಮತ್ತೆ ಬಿಚ್ಚುವುದಿದೆಯಲ್ಲ, ಆರು ಅಂಗುಲಕ್ಕೆ ಹೋದರೆ ಹೇಗೆ ಎಂದೂ ವಿಚಾರಿಸಿದರು.

ಕೊನೆಗೆ ಜೀಪನ್ನು ಎಳೆಸಿಕೊಂಡು ಸಂತೆ ಬೀದಿಯ ಹಿಂದಿನ ಒಂದು ತಗಡಿನ ಶೆಡ್ಡಿಗೆ ಹೋದೆ. ಲಾರಿಗಳ ಭಾರ ಹೊರುವ ಉಕ್ಕಿನ ಕಮಾನು ಪಟ್ಟಿ ಮಾಡುವ ಅಲ್ಲಿನ ಮುದುಕರನ್ನು ಎಲ್ಲರೂ ಪಟ್ಟಿ ಮೇಸ್ತ್ರಿ ಎನ್ನುತ್ತಾರೆ. ಅವರು ಏನೂ ಕೇಳದೆ ಗೋಣಿ ಹಾಸಿ ಜೀಪಿನ ಕೆಳಗೆ ಮಲಗಿ, ಟಾರ್ಚು ಬಿಟ್ಟು ನೋಡಿ, ಅಲ್ಲಿಂದಲೇ, “ಎಲ್ಲಿ ತಾಗ್ತಿತ್ತು ಡಾಕ್ಟ್ರೇ?” ಎಂದರು. ತಮ್ಮ ನಲವತ್ತೊಂದು ಪ್ರಶ್ನೆಗಳಲ್ಲಿ ಇದೊಂದು ಇರಲಿಲ್ಲ. ತೋರಿಸಿದೆ. ತಮ್ಮವರು ಬಿಚ್ಚಿ ಕೊಟ್ಟು ನಾನು ಮನೆಯಲ್ಲಿ ತೆಗೆದಿಟ್ಟಿದ್ದ ಹಳೆಯ ಪಟ್ಟಿಗಳನ್ನು ತರಿಸಿ ನೆಲದ ಮೇಲೆ ಮಲಗಿಸಿ, ಅವು ಹಲಗೆಯಂತೆ ಚಪ್ಪಟೆಯಾಗಿದ್ದನ್ನು ಕಾಲಿನಿಂದ ಒತ್ತಿ ತೋರಿಸಿ, “ನಿಮ್ಮ ಗಾಡಿ ಗಿಡ್ಡ ಅಲ್ಲಮ್ಮ, ಸುಸ್ತಾಗಿದೆ ಅಷ್ಟೆ. ಮೂವತ್ತು ವರ್ಷ ಹೊತ್ತಿದೆ. ಇದ್ದ ಎತ್ತರ ವಾಪಸ್ ಕೊಟ್ಟು, ಮೇಲೆ ಬೆರಳಷ್ಟು ಸೇರಿಸಿದ್ರೆ ಸಾಕು,” ಎಂದರು. ಅವೇ ಪಟ್ಟಿಗಳಿಗೆ ಮತ್ತೆ ಕಮಾನು ತರಿಸಿ, ಒಂದೊಂದು ಹೊಸ ಪಟ್ಟಿ ಸೇರಿಸಿ, ಅದಕ್ಕೆ ಸರಿಯಾದ ಉದ್ದದ ಶಾಕ್ ಅಬ್ಸಾರ್ಬರ್ ಕೂರಿಸಿ, ಬ್ರೇಕಿನ ಕೊಳವೆಗಳನ್ನು ಬದಲಿಸಿ, ಗಾಡಿ ಎತ್ತಿ ಚಕ್ರವನ್ನು ಇಳಿಯುವಷ್ಟೂ ಕೆಳಗೆ ಇಳಿಬಿಟ್ಟು ಅವು ಜಗ್ಗುವುದಿಲ್ಲವೆಂದು ನನ್ನ ಕೈಯಲ್ಲೇ ಮುಟ್ಟಿಸಿ ನೋಡಿದ ಮೇಲೆ ಗಾಡಿ ಬಿಟ್ಟುಕೊಟ್ಟರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವೆ. ನಾಲ್ಕು ಅಂಗುಲವೇ ಸರಿಯೆಂದು ತಮ್ಮ ಸಂಸ್ಥೆಯ ಅಭಿಪ್ರಾಯವಾಗಿದ್ದಲ್ಲಿ ನಮ್ಮ ಸೀಮೆಯ ಮನೆಗಳನ್ನೂ ಮುದುಕಿಯರ ಮೊಣಕಾಲುಗಳನ್ನೂ ಅಷ್ಟೇ ಎತ್ತರಿಸಿಕೊಡಬೇಕು. ತಮ್ಮ ಬೇರೆ ಕಿಟ್ಟು ಬಂದು ತಲುಪುವವರೆಗೆ ಹೆರಿಗೆಯನ್ನು ಮುಂದೂಡುವಂತೆ ಗಬ್ಬದ ಹಸುಗಳಿಗೆ ತಾವೇ ಖುದ್ದಾಗಿ ಪತ್ರ ಬರೆಯಬೇಕು.

ಈ ಪತ್ರ ಒಂದು ವಾರ ತಡವಾಯಿತು. ಮುಗಿಸುವಷ್ಟರಲ್ಲಿ ಹಾಲಿನಕ್ಕನಿಂದ ಮೂರನೆಯ ಕರೆ ಬಂತು. ದಿಬ್ಬ ದಾಟಿ, ಇಳಿಜಾರು ಇಳಿದು, ಕೊಟ್ಟಿಗೆಯ ಮುಂದೆ ಜೀಪು ನಿಲ್ಲಿಸಿದಾಗ ಹಸು ಇನ್ನೂ ಕಾಲ ಮೇಲೆ ನಿಂತಿತ್ತು. ಹಿಂಗಾಲು ಮುಂದಾಗಿ ಬರುತ್ತಿದ್ದ ಕರುವನ್ನು ಇಬ್ಬರೂ ಸೇರಿ ಹಗ್ಗ ಹಿಡಿದು ಹೊರತಂದೆವು. ಅದು ಒಮ್ಮೆ ಸೀನಿ, ಉಸಿರಾಡಿತು. ಹಾಲಿನಕ್ಕ ಬೆವರೊರೆಸಿಕೊಂಡು, ತಿಂಗಳುಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ, “ಬಿಸಿನೀರು ಇಟ್ಟಿದೀನಿ, ಕೈ ತೊಳ್ಕೊಂಡು ಕೂತ್ಕೊಳ್ಳಿ,” ಎಂದಳು. ನಾನು ಬಹಳ ಹೊತ್ತು ಕೂತಿದ್ದೆ.

ಇಷ್ಟೆಲ್ಲ ಆದ ಮೇಲೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ದನದ ಡಾಕ್ಟರು

ವಿ.ಸೂ.: ತಮ್ಮ ಹೊಸ ಜಾಹೀರಾತು ಹಾಳೆ ತಲುಪಿತು. ಬೆಟ್ಟದ ತುತ್ತತುದಿಯ ಬಂಡೆಯ ಮೇಲೆ ತಮ್ಮ ಜೀಪು ನಿಂತಿರುವ ಚಿತ್ರ ಬಹಳ ಸೊಗಸಾಗಿದೆ. ನನ್ನ ಯಜಮಾನರು ಭೂತಗನ್ನಡಿ ಹಿಡಿದು ನೋಡಿ, ಸುತ್ತಲಿನ ಮಣ್ಣಿನಲ್ಲಿ ಎಲ್ಲಿಯೂ ಚಕ್ರದ ಗುರುತಿಲ್ಲವೆಂದೂ, ಚಿತ್ರದ ಮೂಲೆಯಲ್ಲಿ ಕ್ರೇನಿನ ಕೊಕ್ಕೆ ಅರ್ಧ ಕಾಣುತ್ತಿದೆಯೆಂದೂ ಹೇಳುತ್ತಾರೆ. ಆ ಕ್ರೇನಿನವರ ಫೋನ್ ನಂಬರ್ ಇದ್ದರೆ ದಯವಿಟ್ಟು ಕಳುಹಿಸಿಕೊಡಿ.