ಮಾವನ ಕೆಂಪು ಪೆನ್ನು

ಮಾವನ ಕೆಂಪು ಪೆನ್ನಿಗೆ ಮುಚ್ಚಳವಿಲ್ಲ. ಹಾಗಾಗಿ ಅವರ ಎಲ್ಲ ಬಿಳಿ ಅಂಗಿಗಳ ಜೇಬಿನ ತಳದಲ್ಲೂ ಒಂದೊಂದು ಕೆಂಪು ಚುಕ್ಕೆ.

ಗಂಗಾನಗರದ ನನ್ನ ಸೋದರಮಾವನಿಗೆ ಮದುವೆಯ ಆಹ್ವಾನಪತ್ರಿಕೆ ಕೊಡಲು ಎಂಟೆದೆ ಬೇಕು! ಇಂಗ್ಲಿಷ್ ಮೇಷ್ಟರಾಗಿ ನಿವೃತ್ತರಾದವರು. ಪತ್ರಿಕೆಯನ್ನು ತಿದ್ದಿ, ಹತ್ತಕ್ಕೆ ಇಷ್ಟೆಂದು ಅಂಕ ಹಾಕಿ, ಮದುವೆಯ ದಿನ ಉಡುಗೊರೆಯ ಜೊತೆಗೇ ಹಿಂದಿರುಗಿಸುತ್ತಾರೆ. ನನ್ನ ಅಣ್ಣನ ಮದುವೆಗೆ ನಾಲ್ಕೂವರೆ. ಅತ್ತಿಗೆ ಇನ್ನೂ ಮರೆತಿಲ್ಲ.

ಆರ್.ಟಿ. ನಗರದ ಹೋಟೆಲೊಂದರಲ್ಲಿ ಮೆನು ತಿದ್ದಿದಾಗ ಮಾಲೀಕ ಕೇಳಿದ್ದ: "ಸ್ಪೆಲಿಂಗ್ ಸರಿ ಮಾಡಿದ್ರೆ ದೋಸೆ ರುಚಿ ಜಾಸ್ತಿ ಆಗುತ್ತಾ ಸಾರ್?"

"ದೋಸೆ ಫಸ್ಟ್ ಕ್ಲಾಸ್ ಕಣಯ್ಯಾ, ಮೆನೂನೇ ಫೇಲು!"

ಚಿಕ್ಕವಳಿದ್ದಾಗ ನಾನೂ ಕೇಳಿದ್ದೆ, ಚಾಕುವಿನ ಇಂಗ್ಲಿಷ್ ಪದದಲ್ಲಿ ಉಚ್ಚರಿಸದ 'ಕೆ' ಯಾಕೆ ಎಂದು.

"ಹಿಂದೆ ಉಚ್ಚರಿಸ್ತಿದ್ರು ಕಣಮ್ಮ. ಬರಹ ಅಚ್ಚಲ್ಲಿ ಕೂತ್ಬಿಡ್ತು, ನಾಲಿಗೆ ಮಾತ್ರ ಮುಂದೆ ಹೋಯ್ತು."

"ಮತ್ತೆ ಅಮೆರಿಕದವರ ಸ್ಪೆಲಿಂಗ್ ಯಾಕೆ ಬೇರೆ?"

"ಅವ್ರು ಇಂಗ್ಲಿಷರನ್ನ ಬಿಟ್ರು, ಜೊತೆಗೆ ಒಂದಷ್ಟು ಅಕ್ಷರಾನೂ ಬಿಟ್ರು!"

ಒಳಗಿನಿಂದ ಅತ್ತೆಯ ದನಿ: "ಹೇಳದೇ ಇರೋ ಅಕ್ಷರ ನೆನಪಿರುತ್ತೆ, ಹೇಳಿ ಕಳಿಸಿದ ಕೊತ್ತಂಬರಿ ನೆನಪಿರಲ್ಲ!"

ಕಳೆದ ವರ್ಷ ಅತ್ತೆ ತೀರಿಕೊಂಡರು.

ಈಗ ನನ್ನ ಮದುವೆ. ಅಲ್ಲಾಳಸಂದ್ರದ ಭಾವೀ ಮಾವನವರಿಗೆ ಮೂಗಿನ ತುದಿಯಲ್ಲೇ ಕೋಪ. ಛತ್ರದ ವಿಷಯಕ್ಕೆ ಆಗಲೇ ಒಮ್ಮೆ ಎದ್ದು ಹೋಗಿದ್ದರು. ದುಡಿದದ್ದೆಲ್ಲ ಅಮೆರಿಕದ ಕಂಪನಿಯಲ್ಲಿ. ಪತ್ರಿಕೆಯ ಒಕ್ಕಣೆ ಅವರದೇ. 'ಆನರ್' ಪದದಲ್ಲಿ 'ಯು' ಇಲ್ಲ! ಅದೂ ಬಂಗಾರದ ಅಕ್ಷರದಲ್ಲಿ. ಅಚ್ಚಿಗೆ ಮುಂಚೆ ಮಾದರಿ ಪ್ರತಿಯನ್ನು ಸೋದರಮಾವನಿಗೆ ತೋರಿಸಬೇಕೆಂದು ಯಲಹಂಕದ ನಮ್ಮ ಮನೆಗೇ ತಂದರು.

ಗಂಗಾನಗರದಿಂದ ಬಂದಿದ್ದ ಮಾವ ಪೆನ್ನು ತೆಗೆದರು. ಅಮ್ಮ ಕಣ್ಣು ಮುಚ್ಚಿಕೊಂಡಳು. ಈ ಮದುವೆ ನಡೆಯುವುದೇ ಅನುಮಾನ ಎನಿಸಿತು ನನಗೆ.

"ಇದು ಅಮೆರಿಕದ ಸ್ಪೆಲಿಂಗು."

"ಹೌದು. ತಪ್ಪೇನ್ರೀ?"

"ತಪ್ಪೇನಿಲ್ಲ ಬೀಗರೇ. ಅವರೂರಲ್ಲಿ ಅದೇ ಸರಿ."

ಮೂವತ್ತು ವರ್ಷದ ಮೇಷ್ಟರಿಕೆಯನ್ನೇ ನುಂಗಿಕೊಂಡಿದ್ದರು! ನಾನು ಉಸಿರು ಬಿಟ್ಟೆ.

ಆದರೆ ಪೆನ್ನು ಪತ್ರಿಕೆಯ ಕೆಳಗಿನ ಸಾಲಿಗಿಳಿಯಿತು. ಸುಖಾಗಮನ ಬಯಸುವವರ ಸಾಲಿನಲ್ಲಿ ಅವರ ಹೆಸರು ಒಂಟಿಯಾಗಿತ್ತು. ಅದರ ಪಕ್ಕದಲ್ಲಿ ದುಂಡಗೆ ಅತ್ತೆಯ ಹೆಸರು ಬರೆದರು.

"ಕರೆದ್ರೆ ಓ ಅನ್ನಲ್ಲ, ಗೊತ್ತು," ಎಂದರು. "ಬರಹದಲ್ಲಾದ್ರೂ ಇರ್ಲಿ."

ಭಾವೀ ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. "ಇರ್ಲೇಬೇಕು ಮೇಷ್ಟ್ರೇ. ಎಷ್ಟು ಮಾರ್ಕ್ಸು?"

"ಈಗ ಹತ್ತಕ್ಕೆ ಹತ್ತು."

ಮರುದಿನ ಬೆಳಿಗ್ಗೆ ಯಶವಂತಪುರದ ಪ್ರೆಸ್ಸಿಗೆ ನಾನೇ ಹೋದೆ. ಯಂತ್ರದ ಸದ್ದಿನ ನಡುವೆ, ಅತ್ತೆಯ ಹೆಸರಿನ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಹೇಳಿ ಬರೆಸಿದೆ.