ಮಹಾರಾಜರ ಮಿಡಿಮರ

"ಪ್ರಾಣ ಬಿಟ್ಟೇನು, ಗುಟ್ಟು ಬಿಡಲಾರೆ!"

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಸುಂದರೇಶ ಹೀಗೆ ಘೋಷಿಸಿದ. ಕಂಡಕ್ಟರ್ ದೀಪು ಕೇಳಿದ್ದು ಇಷ್ಟೇ: "ಸುಂದರಣ್ಣ, ನಿಮ್ಮ ಮನೆ ಉಪ್ಪಿನಕಾಯಿ ಮಿಡಿ ಯಾವ ಮರದ್ದು ಮಾರಾಯ್ರೆ?"

ಸುಂದರೇಶ ಖಾಸಗಿ ಬಸ್ಸುಗಳ ಏಜೆಂಟ. ಗುಟ್ಟಿನ ವಿಷಯದಲ್ಲಿ ಇಡೀ ಸ್ಟ್ಯಾಂಡಿಗೇ ಗುರು! ಫೋನಿಗೆ ಬೆರಳಿನ ಬೀಗ, ಅದರೊಳಗೆ ನಂಬರಿನ ಬೀಗ, ಅದರೊಳಗೆ ಇನ್ನೊಂದು. ತನ್ನ ಫೋನು ತೆರೆಯಲು ಅವನಿಗೇ ಶೃಂಗೇರಿ ಬಸ್ಸು ಹೊರಟುಹೋಗುವಷ್ಟು ಹೊತ್ತು ಬೇಕು. "ಓಟಿಪಿ ಕಟ್ಟಿಕೊಂಡ ಹೆಂಡ್ತಿಗೂ ಹೇಳ್ಬಾರ್ದು" ಎಂದು ಪ್ರಯಾಣಿಕರಿಗೆ ಟಿಕೆಟ್ಟಿನ ಜೊತೆ ಉಪದೇಶವನ್ನೂ ಕೊಡುತ್ತಿದ್ದ.

ಮನೆಯಲ್ಲಿ ಮಾತ್ರ ಕರೆಂಟು ಬಿಲ್ಲಿನಿಂದ ನೆಂಟರ ಉಪಚಾರದವರೆಗೆ ಎಲ್ಲವೂ ಹೆಂಡತಿ ಗೋದಾವರಿಯ ಆಡಳಿತ. ಸುಂದರೇಶನ ಕೈಯಲ್ಲಿ ಉಳಿದಿದ್ದು ಒಂದು ಕಾಡುಮಾವಿನ ಮರ. ಕಮ್ಮರಡಿ ಕಡೆಗೆ, ಹಳ್ಳದ ತಿರುವಿನಲ್ಲಿ, ಯಾರ ಜಾಗವೂ ಅಲ್ಲದ ಕಡೆ ಇತ್ತು. ಅದರ ಮಿಡಿಗೆ ಜೀರಿಗೆಯ ಪರಿಮಳ. ಅಪ್ಪ ತೋರಿಸಿಕೊಟ್ಟಿದ್ದ, ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಸುಂದರೇಶ ಹೆಂಡತಿಗೆ ಬಾಯಿ ಬಿಟ್ಟಿರಲಿಲ್ಲ. ಒಂದು ಸ್ಟಾಪು ಮುಂಚೆಯೇ ಇಳಿದು, ಗುಡ್ಡ ಸುತ್ತಿ, ಹಿಂದೆ ಯಾರಾದರೂ ಬಂದರೋ ಎಂದು ಮೂರು ಸಲ ತಿರುಗಿ ನೋಡಿ ಹೋಗುತ್ತಿದ್ದ. ಮಿಡಿಯ ಚೀಲ ಹೊತ್ತು ಬಂದ ದಿನ ಗೋದಾವರಿ ಕಾಲಿಗೆ ನೀರು ಕೊಟ್ಟು, ತುಪ್ಪ ಹಾಕಿದ ದೋಸೆ ಬಡಿಸುತ್ತಿದ್ದಳು. ವರ್ಷಕ್ಕೆ ಆ ಒಂದು ದಿನ ಅವನು ಆ ಮನೆಯ ಯಜಮಾನ.

ಈ ವರ್ಷ ಜವಾಬ್ದಾರಿ ದೊಡ್ಡದು. ಗೋದಾವರಿಯ ತಮ್ಮ ಪ್ರದೀಪ ನರಸಿಂಹರಾಜಪುರದಲ್ಲಿ ಮನೆ ಕಟ್ಟಿಸಿದ್ದ, ಶ್ರಾವಣದಲ್ಲಿ ಗೃಹಪ್ರವೇಶ. ಊಟಕ್ಕೆ ಅಕ್ಕನ ಕೈಯ ಮಿಡಿ ಉಪ್ಪಿನಕಾಯಿಯೇ ಬೇಕು, ಎರಡು ಭರಣಿ!

"ಮಿಡಿಯ ಭಾರ ನನ್ನದು!" ಎಂದು ಸುಂದರೇಶ ಭಾಮೈದನ ಎದುರು ಎದೆ ತಟ್ಟಿಕೊಂಡ. "ತಪ್ಪಿದ್ರೆ ನಿನ್ನ ಹೊಸ ಮನೆ ಹೊಸ್ತಿಲು ತುಳಿಯಲ್ಲ ಕಣೋ!"

ಗೋದಾವರಿ ಎರಡು ಖಾಲಿ ಭರಣಿ ತೊಳೆಯಲು ಎದ್ದಳು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮರ ನೋಡಿ ಬರೋಣವೆಂದು ಹೋದ. ಅಬ್ಬಾ, ಎಂಥ ಫಸಲು! ಕೊಂಬೆಕೊಂಬೆಗೂ ಗೊಂಚಲು. ಕೊಯ್ಯಲು ಇನ್ನೊಂದು ಹತ್ತು ದಿನ ಬೇಕು. ಬಂಡೆಯ ಮೇಲೆ ಒರಗಿದ. ಕೆಳಗೆ ಹಳ್ಳದ ನೀರು ಸದ್ದಿಲ್ಲದೆ ಹರಿಯುತ್ತಿತ್ತು, ಎಲೆಗಳ ನಡುವಿಂದ ಬಿಸಿಲು ಮುಖದ ಮೇಲೆ ಬಂದು ಹೋಗುತ್ತಿತ್ತು. ಅರೆನಿದ್ದೆಯಲ್ಲಿ ಗೃಹಪ್ರವೇಶದ ಪಂಕ್ತಿ ಕಾಣಿಸಿತು. ಎಲೆಯ ತುದಿಯಲ್ಲಿ ಮಿಡಿ, ನೂರಾರು ಜನ ಒಟ್ಟಿಗೆ ನಾಲಿಗೆ ಚಪ್ಪರಿಸಿ, "ಯಾರು ತಂದದ್ದು ಇದು?" ಎಂದು ಕೇಳುತ್ತಾರೆ. ಪ್ರದೀಪ ಕೈಮುಗಿದು ಭಾವನ ಕಡೆ ತೋರಿಸುತ್ತಾನೆ. ಸುಂದರೇಶ ಕಣ್ಣುಮುಚ್ಚಿಯೇ ನಕ್ಕ.

ಆ ಸುಖದಲ್ಲೇ ಫೋನು ತೆಗೆದ. ವಾರದಿಂದ ಸ್ಟ್ಯಾಂಡಿನಲ್ಲೆಲ್ಲ ಒಂದೇ ಹುಚ್ಚು: ಮುಖದ ಫೋಟೋ ಕೊಟ್ಟರೆ ಮಹಾರಾಜನನ್ನಾಗಿ ಮಾಡಿಕೊಡುವ ಆ್ಯಪು. ದೀಪು ಆಗಲೇ ಚಕ್ರವರ್ತಿ! ಇಲ್ಲಿ ನೋಡುವವರು ಯಾರಿದ್ದಾರೆ ಎಂದುಕೊಂಡು ಸುಂದರೇಶನೂ ಅದನ್ನು ಇಳಿಸಿಕೊಂಡು ಸೆಲ್ಫಿ ತೆಗೆದ.

ಆ್ಯಪು ವಿನಯದಿಂದ ಕೇಳಿತು: ಫೋಟೋ ನೋಡಬಹುದೇ? 'ಅಲೋ' ಗುಂಡಿ ಒತ್ತಿ ಒಪ್ಪಿಗೆ ಕೊಟ್ಟ. ಇರುವ ಜಾಗ ತಿಳಿಯಬಹುದೇ? ಅಲೋ. ಫೋನಿನಲ್ಲಿರುವ ನಂಬರುಗಳು? ಅಲೋ. ನಿಮ್ಮ ಸಂತೋಷವನ್ನು ಎಲ್ಲರಿಗೂ ಹಂಚಲೇ? ಅದಕ್ಕೂ ಅಲೋ! ಆಗಲೇ ಅರ್ಧ ರಾಜನಾಗಿದ್ದನಲ್ಲ, ಬೇಡಿದವರಿಗೆಲ್ಲ ವರ ಕೊಟ್ಟುಬಿಟ್ಟ. ಮೂರು ಬೀಗದ ಮನುಷ್ಯ ಬಾಗಿಲನ್ನೇ ಕಿತ್ತು ಕೊಟ್ಟ.

ಚಿತ್ರ ಬಂತು. ಆಹಾ! ಸಿಂಹಾಸನ, ಕಿರೀಟ, ಗಿರಿಜಾ ಮೀಸೆ! ಹಿಂದೆ ಅದೇ ಮರ, ಒಂದೊಂದು ಮಿಡಿಯೂ ಎಣಿಸುವಷ್ಟು ಸ್ಪಷ್ಟ. ಕೆಳಗಿದ್ದ ಕೆಂಪು ಗುರುತನ್ನು ಅಲಂಕಾರವೆಂದುಕೊಂಡ. ಬಸ್ಸಿನ ಸೀಟಿಗೆಂದು ಫೋನು ಮಾಡಿದವರನ್ನೆಲ್ಲ ಸೇರಿಸಿ ಅವನ ಬಳಿ ಸಾವಿರದ ನೂರು ನಂಬರುಗಳಿದ್ದವು. ಮೂರು ತಾಲೂಕಿಗೂ ಮಹಾರಾಜರ ದರ್ಶನವಾಯಿತು.

ಮರುದಿನದಿಂದ ಸ್ಟ್ಯಾಂಡಿನಲ್ಲಿ ಸಿಕ್ಕಿದವರೆಲ್ಲ, "ಎಂಥ ಫೋಟೋ ಮಾರಾಯ್ರೆ!" ಎನ್ನುವವರೇ. ಪಕ್ಕದ ನಾರ್ವೆ ಗ್ರಾಮದ ಭೈರಪ್ಪನಂತೂ ಕನ್ನಡಕ ಹಾಕಿಕೊಂಡು ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ಕಿರೀಟದ ಮೇಲ್ಗಡೆಯನ್ನೇ ಬಹಳ ಹೊತ್ತು ನೋಡಿದ. ರತ್ನಗಳನ್ನು ನೋಡುತ್ತಿದ್ದಾನೆಂದು ಸುಂದರೇಶ ಕತ್ತು ಇನ್ನಷ್ಟು ಸೆಟೆಸಿದ. ನಾಲ್ಕನೇ ದಿನ ಮಂಡಿನೋವಿನ ಎಣ್ಣೆಯೊಂದರ ಜಾಹೀರಾತಿನಲ್ಲಿ ಅದೇ ಕಿರೀಟದ ಮುಖ ಕಾಣಿಸಿಕೊಂಡಾಗ ದೀಪು ಹೌಹಾರಿದ. "ನಿಮ್ಮನ್ನ ಕೇಳಿದ್ರಾ ಸುಂದರಣ್ಣ?"

"ಕೇಳೋದೆಂತ? ಅವರಿಗೂ ಕಣ್ಣಿದೆಯಲ್ಲ!" ಎಂದ ಮಹಾರಾಜ.

ಹತ್ತು ದಿನ ತುಂಬಿತು. ಸುಂದರೇಶ ಚೀಲ ಮಡಿಚಿ ಕಂಕುಳಲ್ಲಿಟ್ಟು, ಒಂದು ಸ್ಟಾಪು ಮುಂಚೆ ಇಳಿದು, ಗುಡ್ಡ ಸುತ್ತಿ, ಮೂರು ಸಲ ತಿರುಗಿ ನೋಡಿ, ಹಳ್ಳದ ದಂಡೆಗೆ ಬಂದ.

ಅಲ್ಲಿ ಜಾತ್ರೆ! ಹತ್ತಾರು ಬೈಕು, ಒಂದು ಜೀಪು, ಮಿಡಿ ಕೊಯ್ಯುವ ಉದ್ದುದ್ದ ದೋಟಿಗಳು. ಮರದಲ್ಲಿ ಬರೀ ಎಲೆ.

"ಓ, ಮಹಾರಾಜರು ಬಂದ್ರು!" ಎಂದು ಭೈರಪ್ಪ ಮರದ ಮೇಲಿನಿಂದಲೇ ಕೂಗಿದ. "ಅದ್ಯಾಕೆ ಗುಡ್ಡ ಸುತ್ತಿ ಬಂದ್ರಿ? ಮ್ಯಾಪಲ್ಲಿ ಒಳದಾರಿ ಇದೆಯಲ್ಲ ಮಾರಾಯ್ರೆ! ನಿಮ್ಮ ಫೋಟೋ ಕೆಳಗೇ ಕೊಟ್ಟಿದ್ದೀರಿ!"

ಸುಂದರೇಶ ಫೋನು ತೆಗೆದು ಕೆಂಪು ಗುರುತು ಒತ್ತಿದ. ಕಮ್ಮರಡಿ ರಸ್ತೆಯಿಂದ ಮರದ ಬುಡದವರೆಗೆ ನೀಲಿ ಗೆರೆ. ಯಾವನೋ ಪುಣ್ಯಾತ್ಮ ಜಾಗಕ್ಕೆ ಹೆಸರನ್ನೂ ಇಟ್ಟಿದ್ದ: 'ಮಹಾರಾಜರ ಮಿಡಿಮರ'. ಅಪ್ಪನ ನೆನಪಾಯಿತು. ಅದೇ ಬಂಡೆಯ ಮೇಲೆ ಕೂತ. ಹಳ್ಳ ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು.

ಮನೆಗೆ ಬಂದು ಖಾಲಿ ಚೀಲವನ್ನು ಗೋದಾವರಿಯ ಮುಂದಿಟ್ಟು ಎಲ್ಲ ಒಪ್ಪಿಕೊಂಡ. ಕಣ್ಣಲ್ಲಿ ನೀರಿತ್ತು. "ಇನ್ನು ಪ್ರದೀಪನಿಗೆ ಯಾವ ಮುಖ ತೋರಿಸ್ಲಿ?"

"ಕಿರೀಟ ಇಟ್ಟ ಮುಖಾನೇ ತೋರಿಸಿ. ಅವನಿಗೂ ಬಂದಿದೆ. ನನಗೂ ಬಂದಿತ್ತು."

"ನಿಂಗೂ?"

ಅವಳು ಉಗ್ರಾಣಕ್ಕೆ ಕರೆದೊಯ್ದು ಎರಡು ಭರಣಿಗಳ ಬಾಯಿಬಟ್ಟೆ ಬಿಚ್ಚಿದಳು. ಕಂಠದವರೆಗೆ ಉಪ್ಪಲ್ಲಿ ಹಾಕಿದ ಮಿಡಿ. ಜೀರಿಗೆಯ ಪರಿಮಳ ಘಮ್ಮೆಂದಿತು. ಸುಂದರೇಶ ಕನಸೋ ನಿಜವೋ ಎಂದು ಕೈ ಚಿವುಟಿಕೊಂಡ.

"ನಿಮ್ಮ ಮರ ನಂಗೆ ಮದುವೆಯಾದ ವರ್ಷದಿಂದ ಗೊತ್ತು" ಎಂದಳು ಗೋದಾವರಿ. "ಅತ್ತೆ ತೋರಿಸಿದ್ರು. ಗಂಡಸರ ಹತ್ರ ಗುಟ್ಟು ನಿಲ್ಲಲ್ಲ ಅಂತ ಇನ್ನೊಂದು ಮರಾನೂ ತೋರಿಸಿಟ್ಟಿದ್ರು. ಫೋಟೋ ನೋಡಿದ ಕೂಡ್ಲೇ ನಿಮ್ಮದು ಹೋಯ್ತು ಅಂತ ಗೊತ್ತಾಯ್ತು. ಮೊನ್ನೆ ನೀವು ಸ್ಟ್ಯಾಂಡಿಗೆ ಹೋದ ಮೇಲೆ ಆ ಇನ್ನೊಂದು ಮರದ್ದು ಕೊಯ್ದು ತಂದೆ."

"ಇಪ್ಪತ್ತೆರಡು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೆ!"

"ಚೀಲ ಹೊತ್ಕೊಂಡು ಅಷ್ಟು ಖುಷೀಲಿ ಬರ್ತಿದ್ರಿ. ಯಾಕೆ ಕೆಡಿಸೋದು ಅಂತ."

ಸುಂದರೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭರಣಿಯ ಪಕ್ಕ ಕೂತು ಮೆತ್ತಗೆ ಕೇಳಿದ: "ಬರೋ ವರ್ಷ ನಾನೂ ಬರ್ಲಾ? ಚೀಲ ಹೊರೋಕೆ, ಅಷ್ಟೇ."

ಗೋದಾವರಿ ಬಾಯಿಬಟ್ಟೆ ಬಿಗಿಯಾಗಿ ಕಟ್ಟಿದಳು. ಅವನ ಜೇಬಿನಲ್ಲಿದ್ದ ಫೋನಿನ ಕಡೆ ಒಮ್ಮೆ ನೋಡಿದಳು.

"ಡೋಂಟ್ ಅಲೋ" ಎಂದಳು.