ಅರ್ಧಕ್ಕೆ ನಿಂತ ವೋವಿಯೊ ಕುರಿತು ವಿಡಿಯೊ ಪರಿವರ್ತಕ ಮಹಾಶಯರಿಗೆ

ಮಾನ್ಯ ವಿಡಿಯೊ ಪರಿವರ್ತಕ ತಂತ್ರಾಂಶ ಮಹಾಶಯರೇ,

ತಮ್ಮನ್ನು ಪುಕ್ಕಟೆಯಾಗಿ ಇಳಿಸಿಕೊಂಡ, ಕೊಲ್ಲಿ ನಾಡಿನ ಜುಫೈರಿನ ಬಡಪಾಯಿಯೊಬ್ಬನ ಸಾಷ್ಟಾಂಗ ವಂದನೆಗಳು. ತಾವು ಕ್ಷೇಮವಾಗಿ ತಳವೂರಿದ್ದೀರೆಂಬುದು ನನ್ನ ಕಂಪ್ಯೂಟರಿನ ಫ್ಯಾನಿನ ಚೀರಾಟದಿಂದಲೇ ತಿಳಿಯುತ್ತಿದೆ.

ವಿಷಯ ಇಷ್ಟು. ನರ್ಸ್ ಆಗಿರುವ ನನ್ನ ಹೆಂಡತಿ ಎಸ್ತರ್‌ಗೆ ತಂಗಿ ವೆಂಡಿಯ ಮದುವೆಗೆ ರಜೆ ಸಿಗಲಿಲ್ಲ. ತಾಯಿಯಿಲ್ಲದ ಮನೆ, ಮದುವೆಯ ಮುನ್ನಾದಿನ ವಧುವಿಗೆ ತೆಂಗಿನ ಹಾಲು ಹಚ್ಚುವ ರೋಸ್‌ನಲ್ಲಿ ವೋವಿಯೊ ಎಂಬ ಕೊಂಕಣಿ ಸೋಬಾನೆ ಹಾಡು ಎತ್ತಿಕೊಡಬೇಕಾದವಳು ಅಕ್ಕನೇ. ಅವಳು ಇಲ್ಲಿಯ ಅಡುಗೆಮನೆಯಲ್ಲಿ ನಿಂತು ಹಾಡಿದಳು, ನಾನು ಫೋನಿನಲ್ಲಿ ಹಿಡಿದೆ, ಬೆನ್ನಿಗೇ ಏಳು ನಿಮಿಷದ ನನ್ನ ಶುಭಾಶಯ ಭಾಷಣವನ್ನೂ ಸೇರಿಸಿದೆ. ಎಡಿಟಿಂಗಿಗೆ ಕೂತರೆ ಚಿತ್ರ ಕುಂಟುತ್ತಿತ್ತು. ಹಾಡು ಮುಗಿದ ಮೇಲೂ ಎಸ್ತರ್ ಬಾಯಿ ತೆರೆದೇ ಇದ್ದಳು. "ಫೋನಿನ ವಿಡಿಯೊ ಹಾಗೇ ಹಾಕಿದ್ರೆ ಕಂಪ್ಯೂಟರಿಗೆ ಜೀರ್ಣ ಆಗುದಿಲ್ಲ, ಮೊದಲು ಕನ್ವರ್ಟ್ ಮಾಡಿ ಮಾರಾಯ್ರೆ" ಎಂದು ಟುಬ್ಲಿಯ ಗ್ಯಾರೇಜಿನ ಗೆಳೆಯ ಅಫ್ಸಲ್ ತಮ್ಮ ಹೆಸರು ಹೇಳಿದ.

ತಮ್ಮ ಸತ್ಯಸಂಧತೆಯನ್ನು ಎಷ್ಟು ಹೊಗಳಿದರೂ ಸಾಲದು. ಶೇಕಡಾ ತೊಂಬತ್ತೊಂಬತ್ತಕ್ಕೆ ಬಂದು, ಇನ್ನು ಎರಡೇ ನಿಮಿಷವೆಂದು ಘೋಷಿಸಿ, ನಾನು ಅನ್ನ ಬೇಯಿಸಿ, ಉಂಡು, ಪಾತ್ರೆ ತೊಳೆದು ಬರುವವರೆಗೂ ಅದೇ ಎರಡು ನಿಮಿಷದಲ್ಲಿ ಅಚಲರಾಗಿ ನಿಂತಿದ್ದಿರಿ. ಅಷ್ಟರಲ್ಲಿ ಮಂಗಳೂರಿನಲ್ಲಿ ವೆಂಡಿಯನ್ನು ಹಾಲು ಹಚ್ಚಲು ಕೂರಿಸಿಯಾಗಿತ್ತು. ಕೊನೆಗೂ ತಾವು ಮುಗಿಸಿದ ಮೇಲೆ ಮೊದಲ ಸಾಲು ನೋಡಿದೆ. ಅಬ್ಬ, ತುಟಿಗೂ ದನಿಗೂ ಏನು ಹೊಂದಾಣಿಕೆ! ಪೂರ್ತಿ ನೋಡದೆ ಕಳಿಸಿಬಿಟ್ಟೆ, ನನ್ನ ಕರ್ಮ. ಉಚಿತ ಆವೃತ್ತಿಯಲ್ಲಿ ಮೊದಲ ಮೂರು ನಿಮಿಷ ಮಾತ್ರ ಪರಿವರ್ತಿಸುವುದಾಗಿ ತಾವು ಇರುವೆ ಗಾತ್ರದ ಅಕ್ಷರದಲ್ಲಿ ನಿವೇದಿಸಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಂಗಳದ ಪರದೆಯಲ್ಲಿ ಎಸ್ತರ್, ಸರಿಯಾಗಿ ಅಮ್ಮನನ್ನು ನೆನೆಯುವ ಸಾಲಿನ ನಡುವೆ, ಗಪ್ಪನೆ ಮಾಯವಾದಳು. ಡ್ಯೂಟಿಯ ನಡುವೆ ಫೋನ್ ಕಿವಿಗಿಟ್ಟು ಕೇಳುತ್ತಿದ್ದ ಅಸಲಿ ಎಸ್ತರ್ ವಾರ್ಡಿನಿಂದ ಕಾರಿಡಾರಿಗೆ ಓಡಿದಳು. ಆಗ ಚಿಕ್ಕಮ್ಮ ಗರ್ಟ್ರೂಡ್ ನಿಂತ ಪದದಿಂದಲೇ ಹಾಡು ಎತ್ತಿಕೊಂಡರು, ಅಂಗಳವಿಡೀ ದನಿಗೂಡಿಸಿತು, ಯಾರೋ ಎಸ್ತರ್ ಕರೆಯಲ್ಲಿದ್ದ ಫೋನನ್ನು ಮೈಕಿಗೆ ಹಿಡಿದರು. ಕೊನೆಯ ಚರಣವನ್ನು ಎಸ್ತರ್ ಆಸ್ಪತ್ರೆಯ ಕಾರಿಡಾರಿನಿಂದಲೇ ಅಳುತ್ತಾ ಎತ್ತಿಕೊಟ್ಟಳು, ಅಲ್ಲಿ ವೆಂಡಿ ಅಳುತ್ತಾ ಹಾಲು ಹಚ್ಚಿಸಿಕೊಂಡಳು. ಅದೇ ಕರೆಯಲ್ಲಿದ್ದ ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಆದಕಾರಣ ತಮ್ಮಲ್ಲಿ ಒಂದೇ ಬಿನ್ನಹ: ಮುಂದಿನ ಬಾರಿ ನನ್ನ ಹೆಂಡತಿಯನ್ನೇ ಒಂದು ಫೈಲಾಗಿಸಿ ಊರಿಗೆ ಕಳಿಸಿಕೊಡಬೇಕು, ದಯವಿಟ್ಟು ಇಡಿಯಾಗಿ.

ತಮ್ಮ ವಿಶ್ವಾಸಿ,
ಕ್ರೇಗ್ ಮಸ್ಕರೇನ್ಹಸ್

ತಾ.ಕ.: ನನ್ನ ಭಾಷಣವಂತೂ ತಮ್ಮ ಹೊಟ್ಟೆಯಲ್ಲೇ ಉಳಿಯಿತು. "ಇಡೀ ಮದುವೆಯಲ್ಲಿ ಬುದ್ಧಿ ಇದ್ದದ್ದು ಅದಕ್ಕೊಂದಕ್ಕೇ" ಎಂದು ಎಸ್ತರ್ ತಮ್ಮನ್ನು ಹೊಗಳುತ್ತಿದ್ದಾಳೆ. ತಮ್ಮನ್ನು ಈ ಕ್ಷಣವೇ ಅಳಿಸಿಹಾಕುತ್ತಿದ್ದೇನೆ.